ಗೆಳೆಯನಿಗೊಂದು ಪತ್ರ: ಕಾಳಿ ನದಿಯ ಕೆಸರು, ನಮ್ಮ ಮನೆಯ ಫರಸಿ

ಕಲಬುರಗಿ

ಪ್ರೀತಿಯ ದೋಸ್ತ,

ಮನೆ ಮುಟ್ಟಿ ನಾಲ್ಕು ದಿನವಾಯಿತು. ಚಪ್ಪಲಿಯ ಅಂಚಿಗೆ ಕಾಳಿ ನದಿಯ ಕೆಸರು ಇನ್ನೂ ಅಂಟಿಕೊಂಡಿದೆ. ತೊಳೆಯೋಕೆ ಮನಸ್ಸೇ ಬಂದಿಲ್ಲ.

ಕಾರವಾರಕ್ಕೆ, ಕೋಡಿಬಾಗದ ನಿಮ್ಮ ಕಡಲ ಜೀವವಿಜ್ಞಾನ ಕೇಂದ್ರಕ್ಕೆ ಬರುವಾಗ ನನ್ನ ತಲೆಯಲ್ಲಿದ್ದದ್ದು ದೋಣಿ, ಅಲೆ, ದೊಡ್ಡ ಮೀನು. ನೀನು ಇಳಿಸಿದ್ದು ಮೊಣಕಾಲುದ್ದ ಕೆಸರಿಗೆ. ಅದೂ ಬೆಳಗಿನ ಐದೂವರೆಗೆ! ಕಡಲ ನೀರು ಹಿಂದೆ ಸರಿಯೋ ಇಳಿತ ಇದ್ದಾಗ ಮಾತ್ರ ಕೆಲಸ, ಆ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ ಅಂದೆ.

ಉಪ್ಪುನೀರಿನ ಕೆಸರಲ್ಲೇ ಬೆಳೆಯೋ ಆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಮರೆಯೋಕಾಗ್ತಿಲ್ಲ. ಅವುಗಳಲ್ಲೇ ಒಂದು ಬಗೆಯಾದ ಅವಿಸೆನ್ನಿಯಾದ ಸುತ್ತ ಬೆರಳುದ್ದದ ಬೇರುಗಳು ನೆಟ್ಟಗೆ ಮೇಲಕ್ಕೆ ಎದ್ದಿದ್ದವಲ್ಲ, ಥೇಟ್ ತೊಗರಿ ಕೊಯ್ದ ಹೊಲದ ಕೂಳೆ. ಕೆಸರಲ್ಲಿ ಗಾಳಿ ಇಲ್ಲ, ಅದಕ್ಕೇ ಬೇರು ಹೊರಗೆ ಬಂದು ಉಸಿರಾಡುತ್ತವೆ ಅಂದೆ. ನಮ್ಮ ತೊಗರಿ ಬುಡದಲ್ಲಿ ನಾಲ್ಕು ದಿನ ಮಳೆನೀರು ನಿಂತರೆ ಬೇರು ಕೊಳೆತು ಗಿಡ ಒಣಗುತ್ತೆ. ಅಲ್ಲಿ ದಿನಕ್ಕೆ ಎರಡು ಸಲ ಉಪ್ಪುನೀರು ತುಂಬಿ ಇಳಿಯುತ್ತೆ, ಗಿಡ ಹಸಿರಾಗೇ ಇರುತ್ತೆ. ಎಲೆ ನೆಕ್ಕಿ ನೋಡು ಅಂದೆ. ನಾಲಿಗೆಗೆ ಸಣ್ಣ ಹರಳು ತಾಗಿತು. ಬರೀ ಉಪ್ಪು. ಕುಡಿದ ಉಪ್ಪನ್ನು ಎಲೆಯಿಂದಲೇ ಹೊರಗೆ ಹಾಕುವ ಗಿಡ!

ಆಮೇಲೆ ನೀನು ಚೌಕಟ್ಟು ಇಟ್ಟು ಅದರೊಳಗಿನ ಬಸವನಹುಳು, ಏಡಿ ಬಿಲ ಎಣಿಸಿದೆ. ನಾನು ಬರೆದುಕೊಂಡೆ. ಪ್ರತಿ ತಿಂಗಳೂ ಅದೇ ಜಾಗ. ಮಳೆಗಾಲದಲ್ಲಿ ಕಾಳಿ ಸಿಹಿನೀರು ತರುತ್ತಾಳೆ, ಬೇಸಿಗೆಯಲ್ಲಿ ಉಪ್ಪು ಏರುತ್ತೆ. ಯಾವ ಜೀವಿ ಹೋಯಿತು, ಯಾವುದು ತಿರುಗಿ ಬಂತು ಅಂತ ತಿಳಿಯೋಕೆ ಬೇರೆ ದಾರಿಯಿಲ್ಲ. ಒಂದು ತಿಂಗಳು ತಪ್ಪಿದರೆ ಆ ತಿಂಗಳ ಲೆಕ್ಕ ಹೋದಂತೆಯೇ, ಅಲ್ವಾ?

ಹೋದ ವರ್ಷ ಫೋನಿನಲ್ಲಿ "ಕೆಸರು ಎಣಿಸಿ ಏನು ಸಿಗುತ್ತೆ, ಸುಮ್ನೆ ಊರಿಗೆ ಬಾ" ಅಂದಿದ್ದೆ. ನೀನು ಏನೂ ಅನ್ನಲಿಲ್ಲ. ಆ ಮಾತು ತಪ್ಪು. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಈಗ ಪಡಸಾಲೆಯ ಫರಸಿ ಮೇಲೆ ಕೂತು ಬರೆಯುತ್ತಿದ್ದೇನೆ. ಶಹಾಬಾದ್ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರೇ ಈ ಕಲ್ಲು. ನಾವಿಬ್ಬರೂ ಇದರ ಮೇಲೇ ಅಂಬೆಗಾಲಿಟ್ಟವರು.

ತೊಗರಿ ಬಿತ್ತನೆ ಮುಗಿಸಿ ಬರುತ್ತೇನೆ. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡ್ತಾಳಂತೆ. ಆ ವಾರ ಇಳಿತ ಎಷ್ಟು ಗಂಟೆಗೆ ಅಂತ ಮೊದಲೇ ತಿಳಿಸು. ಚೌಕಟ್ಟು ಈ ಸಲ ನಾನು ಹಿಡಿಯುತ್ತೇನೆ.

ನಿನ್ನ ದೋಸ್ತ