ಒಂದೇ ಸಲೈನ್ ಬಾಟಲಿಯಿಂದ ವಾರ್ಡಿನ ಎಲ್ಲರಿಗೂ ಫ್ಲಶ್: ಔಷಧಿ ಕೊಠಡಿಯ ಬಗ್ಗೆ ದೂರು

ಇವರಿಗೆ,
ವೈದ್ಯಕೀಯ ಅಧೀಕ್ಷಕರು ಹಾಗೂ ಸೋಂಕು ನಿಯಂತ್ರಣ ಸಮಿತಿಯ ಮುಖ್ಯಸ್ಥರು,
ಖಾಸಗಿ ಆಸ್ಪತ್ರೆ, ಮೈಸೂರು

ಇವರಿಂದ,
ತಮ್ಮಲ್ಲಿ ಒಳರೋಗಿಯಾಗಿದ್ದವರ ಸೊಸೆ,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ

ವಿಷಯ: ಎರಡನೇ ಮಹಡಿಯ ಹೆಂಗಸರ ವಾರ್ಡಿನ ಔಷಧಿ ಕೊಠಡಿಯಲ್ಲಿ ಇಂಜೆಕ್ಷನ್ ತಯಾರಿಸುವ ರೀತಿ, ಹಾಗೂ ನಮ್ಮ ಅತ್ತೆಯವರಿಗೆ ರಕ್ತಪರೀಕ್ಷೆ ಮಾಡಿಸುವ ಕುರಿತು.

ಮಾನ್ಯರೇ,

ಕಳೆದ ತಿಂಗಳು ನಮ್ಮ ಅತ್ತೆಯವರು ನಿಮ್ಮ ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ಗದ್ದೆಯಲ್ಲಿ ಕಬ್ಬಿನ ಕೂಳೆ ಚುಚ್ಚಿತ್ತು, ಮೊದಲೇ ಸಕ್ಕರೆ ಕಾಯಿಲೆ, ಕಾಲು ಮೊಣಕಾಲಿನವರೆಗೆ ಬಾತು ಕೆಂಪಗಾಗಿತ್ತು. ಕಾಲು ಉಳಿಯಿತು. ನೋಡಿದ ಡಾಕ್ಟರು ದಿನಕ್ಕೆರಡು ಸಲ ಬಂದು, ಕೂತು, ನಮಗೆ ಅರ್ಥವಾಗುವ ಹಾಗೆ ಹೇಳಿದರು. ಅವರ ಮೇಲೆ ನನ್ನ ದೂರಿಲ್ಲ. ದೂರಿರುವುದು ಆ ವಾರ್ಡಿನ ಸಿಸ್ಟರ್‌ಗಳ ಮೇಜಿನ ಹಿಂದಿರುವ ಔಷಧಿ ಕೊಠಡಿಯ ಮೇಲೆ.

ಅತ್ತೆಯ ಮಂಚ ಆ ಕೊಠಡಿಯ ಬಾಗಿಲಿಗೆ ಎದುರಾಗಿತ್ತು. ಟ್ರೇ ಹಿಡಿದು ಓಡಾಡುವವರಿಗೆ ಅಡ್ಡವಾಗುತ್ತದೆಂದು ಬಾಗಿಲನ್ನು ಮುಚ್ಚುತ್ತಲೇ ಇರಲಿಲ್ಲ. ರಾತ್ರಿ ಜೊತೆಯಲ್ಲಿರುತ್ತಿದ್ದವಳು ನಾನು. ಒಳಗೆ ಕಿಟಕಿಯ ಸರಳಿಗೆ 500 ಎಂಎಲ್‌ನ ಒಂದು ಸಲೈನ್ ಬಾಟಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಅದರ ರಬ್ಬರ್ ಮುಚ್ಚಳಕ್ಕೆ ಗುಲಾಬಿ ಬುಡದ ದಪ್ಪ ಸೂಜಿಯೊಂದನ್ನು ಚುಚ್ಚಿ ಹಾಗೇ ಬಿಟ್ಟಿದ್ದರು. ಸೂಜಿಯ ಬುಡ ತೆರೆದೇ ಇತ್ತು, ಅದರ ಬಾಯಿಗೆ ಒಂದು ಚೂರು ಹತ್ತಿ ತುರುಕಿತ್ತು. ಬಾಟಲಿಯ ಮೇಲೆ ಯಾವಾಗ ತೆರೆದದ್ದು ಎಂಬ ದಿನಾಂಕವಿಲ್ಲ, ಯಾವ ರೋಗಿಯದೆಂಬ ಹೆಸರೂ ಇಲ್ಲ. ಸೋಮವಾರ ರಾತ್ರಿ ಅರ್ಧಕ್ಕಿಂತ ಮೇಲಿದ್ದ ನೀರು ಬುಧವಾರ ರಾತ್ರಿ ತಳ ಸೇರಿತ್ತು. ಬಾಟಲಿ ಮಾತ್ರ ಅದೇ.

ಆ ಬುಧವಾರ ರಾತ್ರಿ ಹತ್ತು ಗಂಟೆಯ ಡೋಸ್ ಹೊತ್ತು. ಪಕ್ಕದ ಮಂಚದ ಅಜ್ಜಿಯ ಕ್ಯಾನುಲಾ, ಅಂದರೆ ಔಷಧಿ ಕೊಡಲು ನರಕ್ಕೆ ಹಾಕಿದ್ದ ಸಣ್ಣ ನಳಿಗೆ, ಕಟ್ಟಿಕೊಂಡಿತ್ತು. ಸಿಸ್ಟರ್ ಫ್ಲಶ್ ಸಿರಿಂಜ್ (ನಳಿಗೆಯೊಳಗೆ ಸಲೈನ್ ತಳ್ಳಿ ತೊಳೆಯುವುದೇ ಫ್ಲಶ್) ಸಿಕ್ಕಿಸಿ ಹಿಂದಕ್ಕೆ ಎಳೆದರು, ಸಿರಿಂಜಿನೊಳಗೆ ರಕ್ತ ಎಳೆಯಾಗಿ ಬಂತು. ಮುಂದಕ್ಕೆ ಒತ್ತಿದರು, ಲೈನ್ ಬಿಟ್ಟುಕೊಂಡಿತು. ಇನ್ನೊಂದಿಷ್ಟು ಸಲೈನ್ ಬೇಕಾಯಿತು. ಅದೇ ಸಿರಿಂಜ್ ಹಿಡಿದು ಒಳಗೆ ಹೋಗಿ, ಹತ್ತಿ ತೆಗೆದು, ಬಾಟಲಿಯಲ್ಲಿ ನಿಂತಿದ್ದ ಆ ಸೂಜಿಗೆ ಸಿಕ್ಕಿಸಿ ಎಳೆದುಕೊಂಡು ಬಂದರು. ಅಜ್ಜಿಯದು ಮುಗಿದ ಮೇಲೆ ನಮ್ಮ ಅತ್ತೆಯ ಸರದಿ. ಸಿರಿಂಜ್ ಹೊಸದೇ, ನನ್ನೆದುರಿಗೇ ಕವರ್ ಹರಿದರು. ಆದರೆ ಸಲೈನ್ ಬಂದದ್ದು ಅದೇ ಬಾಟಲಿಯಿಂದ, ಅದೇ ಸೂಜಿಯ ಮೂಲಕ.

ನಾನು ಕೇಳಿದೆ. "ಅಕ್ಕ, ಅದು ಬರೀ ಫ್ಲಶ್ಶು, ಔಷಧಿ ಅಲ್ಲ. ಸೂಜಿ ಬಾಟಲಿಯಲ್ಲೇ ಇರುತ್ತೆ, ಪೇಷೆಂಟಿಗೆ ತಾಕೋದೇ ಇಲ್ವಲ್ಲ" ಎಂದರು. ಅವರು ಅದನ್ನು ನಂಬಿಯೇ ಹೇಳಿದರು, ಅದೇ ನನಗೆ ಹೆಚ್ಚು ಭಯ ತಂದದ್ದು. ಅತ್ತೆ ಬೇರೆ, "ಯಾಕವ್ವಾ ಆ ಹುಡುಗೀನ ಗದರ್ತೀಯ, ಪಾಪ ಒಬ್ಳೇ ಓಡಾಡ್ತಾವ್ಳೆ" ಎಂದು ನನ್ನನ್ನೇ ಸುಮ್ಮನಿರಿಸಿದರು.

ನಾನು ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ವೈದ್ಯಕೀಯ ಓದಿದವಳಲ್ಲ. ಆದರೆ ಊರವರ ಹಾಲೆಲ್ಲ ಒಂದೇ ತೊಟ್ಟಿಗೆ ಸೇರಿದರೆ ಏನಾಗುತ್ತದೆಂಬುದು ನನ್ನ ದಿನನಿತ್ಯದ ಕೆಲಸ. ಒಂದು ಮನೆಯ ಹುಳಿ ಹಾಲು ತಪ್ಪಿ ಒಳಗೆ ಹೋದರೆ ತೊಟ್ಟಿಯ ಹಾಲೆಲ್ಲ ಹೋಯಿತು. ಅದಕ್ಕೇ ಪ್ರತಿಯೊಬ್ಬರ ಕ್ಯಾನಿನ ಮುಚ್ಚಳ ತೆಗೆದು ಮೂಸಿ, ಪರೀಕ್ಷಿಸಿ, ಆಮೇಲೆ ಸುರಿಯುತ್ತೇವೆ. ಹಾಲು ಕೆಟ್ಟರೆ ವಾಸನೆ ಬರುತ್ತದೆ, ಕಾಯಿಸಿದರೆ ಒಡೆಯುತ್ತದೆ. ಸಲೈನಿಗೆ ಒಂದು ಹನಿಯ ಸಾವಿರದಲ್ಲೊಂದು ಪಾಲು ರಕ್ತ ಸೇರಿದರೂ ಅದು ತಿಳಿಯಾಗಿಯೇ ಇರುತ್ತದೆ, ಮೂಸಿ ನೋಡುವವರೂ ಇಲ್ಲ. ಆ ಬಾಟಲಿ ನೇರ ನರಕ್ಕೆ ಹೋಗುವ ತೊಟ್ಟಿ.

ನರ್ಸಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ಬಿಡಿಸಿ ಹೇಳಿದಳು. ರೋಗಿಗೆ ತಾಗುವುದು ಸೂಜಿಯೇ ಆಗಬೇಕಿಲ್ಲ. ಕ್ಯಾನುಲಾಕ್ಕೆ ಸಿಕ್ಕಿಸಿದ ಸಿರಿಂಜಿನೊಳಗೆ ಕಣ್ಣಿಗೆ ಕಾಣದಷ್ಟು ರಕ್ತ ಹಿಂದಕ್ಕೆ ಬರಬಹುದು, ಅದನ್ನು ಮತ್ತೆ ಬಾಟಲಿಗೆ ಸಿಕ್ಕಿಸಿದರೆ ಬಾಟಲಿಯೇ ಕೆಟ್ಟಿತು. ಅಮೆರಿಕದ ನೆಬ್ರಾಸ್ಕಾದ ಫ್ರೀಮಾಂಟ್ ಎಂಬ ಊರಿನ ಕ್ಯಾನ್ಸರ್ ಕ್ಲಿನಿಕ್ಕಿನಲ್ಲಿ 2000-01ರಲ್ಲಿ ಹೀಗೇ ಆಯಿತಂತೆ. ಬಳಸಿದ ಸಿರಿಂಜಿನಿಂದಲೇ ಎಲ್ಲರಿಗೂ ಸೇರಿದ ಸಲೈನ್ ಚೀಲದಿಂದ ಫ್ಲಶ್ ಎಳೆದು, 99 ಜನರಿಗೆ ಹೆಪಟೈಟಿಸ್ ಸಿ ಎಂಬ, ರಕ್ತದಿಂದ ಹರಡುವ ಲಿವರ್ ಸೋಂಕು ಅಂಟಿತು. ಅಷ್ಟು ದೂರ ಯಾಕೆ, ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಸಿರಿಂಜ್‌ಗಳನ್ನು ಮತ್ತೆ ಮತ್ತೆ ಬಳಸಿ ಹೆಪಟೈಟಿಸ್ ಬಿ ಹಬ್ಬಿ ಎಷ್ಟೋ ಜನ ಸತ್ತರು. ಆ ವೈರಸ್ ದೇಹದ ಹೊರಗೂ ಕನಿಷ್ಠ ಏಳು ದಿನ ಬದುಕುತ್ತದೆ. ನಿಮ್ಮ ಬಾಟಲಿ ನಾನು ಕಂಡ ಹಾಗೆ ಮೂರು ರಾತ್ರಿ ಅಲ್ಲೇ ಇತ್ತು.

ಕೊಠಡಿಯ ಉಳಿದ ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಔಷಧಿ ಎಳೆಯುವ ಟ್ರೇ ಕೈತೊಳೆಯುವ ಸಿಂಕಿಗೆ ಅಂಟಿಕೊಂಡೇ ಇದೆ, ನಲ್ಲಿ ಬಿಟ್ಟರೆ ಹನಿ ಟ್ರೇಗೆ ಸಿಡಿಯುತ್ತದೆ. ಸ್ಪಿರಿಟ್‌ನಲ್ಲಿ ನೆನೆಸಿದ ಹತ್ತಿ ಒಂದು ಸ್ಟೀಲ್ ಬಟ್ಟಲಿನಲ್ಲಿ ಬೆಳಗಿನಿಂದ ರಾತ್ರಿವರೆಗೆ ತೆರೆದಿರುತ್ತದೆ, ಎಲ್ಲರೂ ಅದಕ್ಕೇ ಕೈಹಾಕುತ್ತಾರೆ. ಹತ್ತಿಯನ್ನು ಹೀಗೆ ನೆನೆಸಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಫ್ರಿಜ್ಜಿನ ಬಾಗಿಲಲ್ಲಿದ್ದ ಇನ್ಸುಲಿನ್ ಸೀಸೆಗೂ ತೆರೆದ ದಿನಾಂಕವಿರಲಿಲ್ಲ. ತೆರೆದ ಮೇಲೆ ಸಾಮಾನ್ಯವಾಗಿ 28 ದಿನಕ್ಕೆ ಎಸೆಯಬೇಕಾದದ್ದನ್ನು ದಿನಾಂಕವಿಲ್ಲದೆ ಯಾವ ಲೆಕ್ಕದಲ್ಲಿ ಎಸೆಯುತ್ತಾರೆ? ಸೂಜಿ ಹಾಕುವ ಬಿಳಿ ಡಬ್ಬಿ ಇತ್ತು, ಸರಿಯಾಗಿಯೇ ಬಳಸುತ್ತಿದ್ದರು. ಕೈ ತೊಳೆಯುವುದನ್ನೂ ಕಂಡಿದ್ದೇನೆ.

ಇನ್ನು ಬಿಲ್ಲಿನ ಲೆಕ್ಕ. ಬಿಲ್ಲಿನ ಪ್ರತಿಯನ್ನು ಲಗತ್ತಿಸಿದ್ದೇನೆ, ಒಳರೋಗಿ ಸಂಖ್ಯೆ ಅದರಲ್ಲಿದೆ. ಆರು ದಿನಕ್ಕೆ ಆಂಟಿಬಯಾಟಿಕ್ ದಿನಕ್ಕೆರಡರಂತೆ 12, ಗ್ಯಾಸ್ಟ್ರಿಕ್ ಇಂಜೆಕ್ಷನ್ 6, ಒಟ್ಟು 18. ಔಷಧಿಗೊಂದು, ಫ್ಲಶ್‌ಗೊಂದು ಎಂದರೂ 36 ಸಿರಿಂಜ್ ಬೇಕು. ಇನ್ಸುಲಿನ್ ಸಿರಿಂಜ್ ಬಿಟ್ಟು ಬಿಲ್ಲಿನಲ್ಲಿರುವುದು 20. ಫ್ಲಶ್‌ಗೆಂದು 10 ಎಂಎಲ್‌ನ ಒಂದು ಸಣ್ಣ ಆಂಪೂಲ್ ಕೂಡ ಇಲ್ಲ. ಹಾಗಾದರೆ ಕಡಿಮೆ ಬಿದ್ದ ಹದಿನಾರು ಸಿರಿಂಜ್‌ಗಳ ಕೆಲಸವನ್ನು ಯಾವುದು ಮಾಡಿತು, ಎಲ್ಲರಿಗೂ ಬಂದ ಆ ದೊಡ್ಡ ಬಾಟಲಿ ಯಾರ ಬಿಲ್ಲಿನಲ್ಲಿದೆ? ಸಿರಿಂಜಿನ ದುಡ್ಡು ಉಳಿಯಿತೆಂದು ನಾವು ಸಂತೋಷಪಡುವವರಲ್ಲ. ಹೊಸದು ಬಳಸಿ, ಹಾಕಿ ಬಿಲ್ಲಿಗೆ, ಕೊಡುತ್ತೇವೆ.

ಡಿಸ್ಚಾರ್ಜ್ ದಿನ ಕೆಳಗಿನ ವಿಚಾರಣೆ ಕೌಂಟರಿನಲ್ಲಿ ಇದನ್ನೆಲ್ಲ ಹೇಳಿದೆ. ಕೂತಿದ್ದವರು "ನಮ್ಮಲ್ಲಿ ಎಲ್ಲಾ ಪ್ರೋಟೋಕಾಲ್ ಪ್ರಕಾರವೇ ನಡೆಯುತ್ತೆ, ನಿಮಗೆ ಗೊತ್ತಾಗಲ್ಲ" ಎಂದು ಅಭಿಪ್ರಾಯ ತಿಳಿಸುವ ಒಂದು ಚೀಟಿ ಕೊಟ್ಟರು. ಅದರಲ್ಲಿ ಊಟ ಹೇಗಿತ್ತು, ನೆಲ ಸ್ವಚ್ಛವಿತ್ತೇ ಎಂಬ ಪ್ರಶ್ನೆಗಳಿದ್ದವು. ನೆಲ ನಿಜಕ್ಕೂ ಸ್ವಚ್ಛವಾಗಿತ್ತು.

ನಾಲ್ಕನೇ ದಿನ ಅತ್ತೆಯ ಕೈ ಕ್ಯಾನುಲಾ ಇದ್ದಲ್ಲಿ ಕೆಂಪಾಗಿ ಗಟ್ಟಿಯಾಯಿತು, ಬೇರೆ ಕೈಗೆ ಹಾಕಿದರು. ಅದು ಆ ಬಾಟಲಿಯಿಂದಲೇ ಆಯಿತೆಂದು ನಾನು ಹೇಳುತ್ತಿಲ್ಲ, ಬೇರೆ ಕಾರಣಕ್ಕೂ ಹಾಗಾಗುತ್ತದೆಂದು ಡಾಕ್ಟರು ಹೇಳಿದ್ದಾರೆ. ಆದರೆ ಹೆಪಟೈಟಿಸ್ ಕೈ ಊದಿದ ಹಾಗೆ ಮಾರನೇ ದಿನ ತೋರಿಸಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಅರವತ್ತೆಂಟು ವರ್ಷದ ಹೆಂಗಸು, ಈಗಲೂ ಬೆಳಿಗ್ಗೆ ಎದ್ದು ಎರಡು ಹಸು ಕರೆಯುತ್ತಾರೆ. ಅವರಿಗೆ ನಾನಿನ್ನೂ ಈ ವಿಷಯ ಹೇಳಿಲ್ಲ. ಏನೆಂದು ಹೇಳಲಿ?

ಆದ್ದರಿಂದ ನಾನು ಕೇಳುವುದಿಷ್ಟು. ಅತ್ತೆಯವರಿಗೂ ಪಕ್ಕದ ಮಂಚದ ಅಜ್ಜಿಗೂ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಪರೀಕ್ಷೆಯನ್ನು ಈಗ ಒಮ್ಮೆ, ಆರು ತಿಂಗಳಾದ ಮೇಲೆ ಇನ್ನೊಮ್ಮೆ, ನಿಮ್ಮ ಖರ್ಚಿನಲ್ಲಿ ಮಾಡಿಸಿ. ಆ ವಾರ ಆ ವಾರ್ಡಿನಲ್ಲಿದ್ದ ಉಳಿದವರಿಗೂ ನೀವೇ ತಿಳಿಸಬೇಕು. ಅವರ ವಿಳಾಸ ನಿಮ್ಮ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. ಆ ಕೊಠಡಿಯಿಂದ ಸಾರ್ವಜನಿಕ ಬಾಟಲಿ ಇಂದೇ ಹೋಗಲಿ. ಒಬ್ಬರಿಗೆ ಒಂದೇ ಸಲ ಬಳಸುವ ಸಣ್ಣ ಆಂಪೂಲ್‌ಗಳು ಬರಲಿ, ಟ್ರೇ ಸಿಂಕಿನಿಂದ ಒಂದು ಮೀಟರಾದರೂ ದೂರ ಸರಿಯಲಿ. ಇವನ್ನು ಮಾಡಿದ್ದೀರೋ ಇಲ್ಲವೋ ಎಂಬುದನ್ನು ಬರಹದಲ್ಲಿ ತಿಳಿಸಿ.

ಒಂದು ಮಾತು ವಿಶೇಷವಾಗಿ ಬೇಡುತ್ತೇನೆ. ಆ ರಾತ್ರಿಯ ಸಿಸ್ಟರನ್ನು ಕೆಲಸದಿಂದ ತೆಗೆದು ಈ ದೂರನ್ನು ಮುಗಿಸಬೇಡಿ. ಇಪ್ಪತ್ತು ಮಂಚಕ್ಕೆ ಅವರೊಬ್ಬರೇ ಇದ್ದರು. ಎರಡು ಗಂಟೆಗೆ ಅತ್ತೆಗೆ ಚಳಿ ಬಂದಾಗ ತಮ್ಮದೇ ಸ್ವೆಟರ್ ತಂದು ಹೊದಿಸಿದವರೂ ಅವರೇ. ಆ ಬಾಟಲಿಯನ್ನು ಕಿಟಕಿಗೆ ಕಟ್ಟುವ ಅಭ್ಯಾಸ ಅವರು ಬರುವ ಮೊದಲೇ ಅಲ್ಲಿತ್ತು, ಮೂರೂ ಪಾಳಿಯವರು ಅದರಿಂದಲೇ ಎಳೆಯುತ್ತಿದ್ದರು. ಆಂಪೂಲ್ ತರಿಸದೆ ಇದ್ದವರು, ಕೊಠಡಿಗೆ ಬಂದು ನೋಡದೆ ಇದ್ದವರು ಉತ್ತರ ಕೊಡಬೇಕು.

ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಈ ಪತ್ರವನ್ನೇ ಬಿಲ್ಲಿನ ಸಮೇತ ಸಲ್ಲಿಸುತ್ತೇನೆ. ಅದಕ್ಕೂ ಮೊದಲು ನೀವು ಕರೆದು ಮಾತಾಡಿದರೆ ಒಳ್ಳೆಯದು. ಕೊಠಡಿಯಲ್ಲಿ ಯಾವ ಸರಳಿಗೆ ಬಾಟಲಿ ಕಟ್ಟಿತ್ತೆಂದು ನಿಂತು ತೋರಿಸುತ್ತೇನೆ. ಬೆಳಿಗ್ಗೆ ಮತ್ತು ಸಂಜೆ ಹಾಲು ಅಳೆಯುವ ಹೊತ್ತು ಬಿಟ್ಟು ಯಾವಾಗ ಹೇಳಿದರೂ ಪಾಂಡವಪುರದಿಂದ ಬಸ್ಸು ಹತ್ತಿ ಬರುತ್ತೇನೆ. ಪರೀಕ್ಷೆಗೆ ಅತ್ತೆಯವರನ್ನು ಯಾವ ದಿನ ಕರೆತರಬೇಕೆಂದು ಮೊದಲು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ರೋಗಿಯ ಸೊಸೆ

ಲಗತ್ತು: ಡಿಸ್ಚಾರ್ಜ್ ಸಾರಾಂಶ ಮತ್ತು ಬಿಲ್ಲಿನ ಪ್ರತಿ