ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಎಂಬುದು ಹೊಸ ಸುದ್ದಿಯಲ್ಲ. ಮಕ್ಕಳ ಹಲ್ಲಿನ ಕಂದು ಕಲೆ ನೋಡಿದರೇ ತಿಳಿಯುತ್ತದೆ. ಆದರೂ ಎಷ್ಟೋ ಮನೆಗಳಲ್ಲಿ ‘ಚೆನ್ನಾಗಿ ಕುದಿಸಿ ಕುಡೀತೀವಿ, ಏನೂ ಆಗಲ್ಲ’ ಎನ್ನುತ್ತಾರೆ. ಇದು ತಪ್ಪು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಈ ಫ್ಲೋರೈಡ್ ಬರುವುದು ನೆಲದಡಿಯ ಬಂಡೆಯಿಂದ. ಬಂಡೆಯ ಸಂದಿನಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಅದು ಕರಗಿ ಸೇರುತ್ತದೆ. ಕಣ್ಣಿಗೆ ಕಾಣದು, ವಾಸನೆಯೂ ಇಲ್ಲ. ಪರೀಕ್ಷೆಯೇ ಮಾಡಬೇಕು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು.

ನಮ್ಮ ಬೀದಿಯ ಶುದ್ಧ ನೀರಿನ ಘಟಕದಿಂದ ದಿನಾ ಕ್ಯಾನ್ ಹೊತ್ತು ತರುತ್ತೇವೆ. ಫ್ಲೋರೈಡ್ ಸೋಸುವ ಒಳಗಿನ ಪೊರೆ ಹಾಳಾಗಿದ್ದರೂ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ ಅಲ್ವಾ? ಕೊನೆಯ ಪರೀಕ್ಷೆ ಯಾವಾಗ ಆಯಿತೆಂದು ಎರಡು ಸಲ ಕೇಳಿದೆ, ಉತ್ತರ ಸಿಗಲಿಲ್ಲ.

ಜಲಜೀವನ್ ಮಿಷನ್‌ನಲ್ಲಿ ಊರಿಗೆ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡುವ ಏರ್ಪಾಡಿದೆ. ಒಳ್ಳೆಯ ಕೆಲಸ. ಆದರೆ ಫಲಿತಾಂಶ ಕಂಪ್ಯೂಟರಿನಲ್ಲಿ ಸುಮ್ನೆ ಕೂತರೆ ನೀರು ಹಿಡಿಯುವ ಅಜ್ಜಿಗೆ ಏನು ಗೊತ್ತಾಗಬೇಕು? ಪ್ರತಿ ಘಟಕದ ಗೋಡೆಯ ಮೇಲೆ ಪರೀಕ್ಷೆಯ ದಿನಾಂಕ, ಫ್ಲೋರೈಡ್ ಪ್ರಮಾಣ ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆಸಲಿ. ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ. ಶಾಲೆ, ಅಂಗನವಾಡಿಯಿಂದಲೇ ಶುರು ಮಾಡಲಿ.

— ಓದುಗ, ಪಾವಗಡ ತಾಲ್ಲೂಕು