ಉಪಗ್ರಹ ಕಂಡದ್ದು ಗುಡ್ಡದ ಬುಡದ ಮನೆಗೂ ತಿಳಿಯಲಿ

ಮಾನ್ಯ ಸಂಪಾದಕರೇ,

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಹೋಟೆಲು, ನಿಂತಿದ್ದ ವಾಹನಗಳು, ಅಲ್ಲಿದ್ದ ಜನ ಎಲ್ಲವೂ ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಜಾರಿದವು. ಆ ಮಣ್ಣು ನದಿಗೆ ಬಿದ್ದ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಇದಾಗಿ ಎರಡು ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಗ್ರಾಮಗಳು ಮಲಗಿದ್ದಲ್ಲೇ ಕೊಚ್ಚಿಹೋದವು. ಅದೇ ತಾರೀಖಿಗೆ, 2025ರ ಜುಲೈ 30ರ ಸಂಜೆ, ಇಸ್ರೊ ಮತ್ತು ನಾಸಾ ಜೊತೆಯಾಗಿ ನಿರ್ಮಿಸಿದ ನಿಸಾರ್ ಉಪಗ್ರಹ ಶ್ರೀಹರಿಕೋಟಾದಿಂದ ಕಕ್ಷೆಗೆ ಏರಿತು. ತಾರೀಖು ಹೊಂದಿಕೊಂಡದ್ದು ಆಕಸ್ಮಿಕ. ಆದರೆ ಕುಮಟಾದಲ್ಲಿ ಹಲವು ವರ್ಷ ಭೂಗೋಳ ಪಾಠ ಹೇಳಿ ನಿವೃತ್ತನಾಗಿರುವ ನನ್ನನ್ನು ಅಂದಿನಿಂದ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ಈ ಉಪಗ್ರಹ ಒಂದು ವರ್ಷ ಮೊದಲೇ ಮೇಲಿದ್ದಿದ್ದರೆ, ಅದು ಕಂಡ ವಿಷಯ ಗುಡ್ಡದ ಬುಡದಲ್ಲಿದ್ದವರಿಗೆ ತಲುಪುತ್ತಿತ್ತೇ?

ತಲುಪುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ವಯನಾಡಿನ ದುರಂತದ ಮರುದಿನವೇ ಕಾರ್ಟೊಸ್ಯಾಟ್-3 ಮತ್ತು ರಾಡಾರ್ ಉಪಗ್ರಹ ರಿಸ್ಯಾಟ್ ಚಿತ್ರಗಳನ್ನು ತೆಗೆದವು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಅವನ್ನು ಪರಿಶೀಲಿಸಿ, ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿ ಕುಸಿತ ಆರಂಭವಾಯಿತೆಂದೂ, ಸುಮಾರು 86,000 ಚದರ ಮೀಟರ್ ನೆಲ ಜಾರಿತೆಂದೂ, ಕಲ್ಲು ಮಣ್ಣು ನದಿಯ ಜಾಡಿನಲ್ಲಿ 8 ಕಿಲೋಮೀಟರ್ ಹರಿಯಿತೆಂದೂ ತಿಳಿಸಿತು. ಅದೇ ವರದಿಯ ಇನ್ನೊಂದು ಮಾತು ಮನಸ್ಸಿಗೆ ಚುಚ್ಚುವಂತಹುದು. ಅದೇ ಸ್ಥಳದಲ್ಲಿ ಹಿಂದೊಮ್ಮೆ ಕುಸಿತವಾಗಿದ್ದ ಗುರುತು 2023ರ ಉಪಗ್ರಹ ಚಿತ್ರದಲ್ಲೇ ಇತ್ತು. ಅದೇ ವರ್ಷ ಆ ಸಂಸ್ಥೆಯೇ ಹೊರತಂದ ಭೂಕುಸಿತ ಅಟ್ಲಾಸ್, 1998ರಿಂದ 2022ರವರೆಗಿನ ಸುಮಾರು 80,000 ಕುಸಿತಗಳನ್ನು ಗುರುತಿಸಿ, 17 ರಾಜ್ಯಗಳ ಮತ್ತು 2 ಕೇಂದ್ರಾಡಳಿತ ಪ್ರದೇಶಗಳ 147 ಜಿಲ್ಲೆಗಳನ್ನು ಅಪಾಯದ ಪಟ್ಟಿಗೆ ಸೇರಿಸಿತ್ತು. ಮಾಹಿತಿ ದೇಶದ ಬಳಿ ಇತ್ತು. ಅದು ಬೇಕಾಗಿದ್ದವರ ಬಳಿ ಇರಲಿಲ್ಲ.

ನಿಸಾರ್‌ನ ಬಲವೇನೆಂದು ಓದುಗರು ತಿಳಿಯಬೇಕು, ಏಕೆಂದರೆ ಅದು ಪಶ್ಚಿಮ ಘಟ್ಟಕ್ಕೆಂದೇ ಹೇಳಿ ಮಾಡಿಸಿದಂತಿದೆ. ಕ್ಯಾಮೆರಾ ಇರುವ ಉಪಗ್ರಹಕ್ಕೆ ಆಷಾಢದ ಮೋಡ ಗೋಡೆಯಿದ್ದಂತೆ. ನಮಗೆ ಚಿತ್ರ ಅತಿ ತುರ್ತಾಗಿ ಬೇಕಾದ ದಿನಗಳಲ್ಲೇ ಅದಕ್ಕೆ ನೆಲ ಕಾಣುವುದಿಲ್ಲ. ರಾಡಾರ್ ಅಲೆಗಳು ಹಗಲು ರಾತ್ರಿಯೆನ್ನದೆ ಮೋಡವನ್ನು ದಾಟಿ ನೆಲವನ್ನು ಮುಟ್ಟುತ್ತವೆ. ನಿಸಾರ್‌ನಲ್ಲಿ ಎರಡು ರಾಡಾರ್‌ಗಳಿವೆ: ನಾಸಾದ ಎಲ್-ಬ್ಯಾಂಡ್ ಮತ್ತು ಇಸ್ರೊದ ಎಸ್-ಬ್ಯಾಂಡ್. ಎಲ್-ಬ್ಯಾಂಡಿನ ಅಲೆ ಸುಮಾರು 24 ಸೆಂಟಿಮೀಟರ್ ಉದ್ದದ್ದಾದ್ದರಿಂದ ಅದು ಎಲೆ ಕೊಂಬೆಗಳ ಹೊದಿಕೆಯನ್ನು ಹಾಯ್ದು ಮರದ ಕೆಳಗಿನ ನೆಲದವರೆಗೆ ಹೋಗಬಲ್ಲದು. ಉಪಗ್ರಹವು 12 ದಿನಗಳಿಗೊಮ್ಮೆ ಅದೇ ಹಾದಿಯಲ್ಲಿ ಮರಳಿ ಬಂದು ಅದೇ ನೆಲವನ್ನು ನೋಡುತ್ತದೆ. ಎರಡು ಭೇಟಿಗಳ ಅಲೆಗಳನ್ನು ಹೋಲಿಸಿದರೆ ನೆಲ ಕೆಲವು ಸೆಂಟಿಮೀಟರಿನಷ್ಟು ಸರಿದಿದ್ದರೂ, ಕೆಲವೊಮ್ಮೆ ಅದಕ್ಕಿಂತ ಕಡಿಮೆ ಸರಿದಿದ್ದರೂ ಪತ್ತೆಯಾಗುತ್ತದೆ. ಬರಿಗಣ್ಣಿಗೆ ಅಂಗಳದಲ್ಲಿ ಬಿರುಕು ಕಾಣುವ ಮೊದಲೇ, ಒರತೆಯ ನೀರು ಕೆಂಪಾಗುವ ಮೊದಲೇ, ತೋಟದ ಅಂಚಿನ ಮರ ವಾಲುವ ಮೊದಲೇ ಗುಡ್ಡ ಜರುಗಲು ತೊಡಗಿದೆಯೆಂದು ಹೇಳಲು ಇದರಿಂದ ಸಾಧ್ಯವಿದೆ. ಇದರ ದತ್ತಾಂಶವನ್ನು ಉಚಿತವಾಗಿ, ಎಲ್ಲರಿಗೂ ಕೊಡುವುದೆಂದು ಎರಡೂ ಸಂಸ್ಥೆಗಳು ನಿರ್ಧರಿಸಿವೆ.

ಮಿತಿಯನ್ನೂ ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ನಿಧಾನವಾಗಿ ಜರುಗುವ ಇಳಿಜಾರನ್ನು ಈ ವಿಧಾನ ಹಿಡಿಯುತ್ತದೆ. ಒಂದೇ ರಾತ್ರಿಯ ಬಿರುಮಳೆಗೆ ಹಠಾತ್ತನೆ ಕಿತ್ತು ಬರುವ ಕುಸಿತವನ್ನು 12 ದಿನಕ್ಕೊಮ್ಮೆ ನೋಡುವ ಕಣ್ಣು ಹಿಡಿಯಲಾರದು. ಆದ್ದರಿಂದ ಉಪಗ್ರಹದ ಮಾತನ್ನು ನೆಲದ ಮಳೆಮಾಪಕದ ಮಾತಿನ ಜೊತೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ತಯಾರಿಸಿರುವ ಕುಸಿತ ಸಾಧ್ಯತೆಯ ನಕ್ಷೆಯ ಜೊತೆ, ರಸ್ತೆಗಾಗಿ ಎಲ್ಲಿ ಗುಡ್ಡ ಕಡಿದಿದ್ದಾರೆಂಬ ವಿವರದ ಜೊತೆ ಕೂಡಿಸಿ ಓದಬೇಕು. ಹೀಗೆ ಕೂಡಿಸುವ ಕೆಲಸದಲ್ಲಿಯೇ ಹೊಸ ಶೋಧ ನಡೆಯಬೇಕಾಗಿದೆ, ಮತ್ತು ನಮ್ಮ ನೀತಿಗಳು ಎಡವಿರುವುದೂ ಅಲ್ಲಿಯೇ.

ನೀತಿಗಳಿಗೆ ಕೊರತೆಯಿಲ್ಲ. 2020ರಲ್ಲಿ, ಖಾಸಗಿ ಸಂಸ್ಥೆಗಳ ಬಾಹ್ಯಾಕಾಶ ಚಟುವಟಿಕೆಗೆ ಅನುಮತಿ ಮತ್ತು ಉತ್ತೇಜನ ಕೊಡುವ ಇನ್‌ಸ್ಪೇಸ್ ಸಂಸ್ಥೆ ಸ್ಥಾಪನೆಯಾಯಿತು. 2021ರಲ್ಲಿ ನಕ್ಷೆ ಮತ್ತು ಭೂದತ್ತಾಂಶದ ಮೇಲಿನ ಹಳೆಯ ನಿರ್ಬಂಧಗಳು ಸಡಿಲವಾದವು. 2022ರಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ, 2023ರಲ್ಲಿ ಭಾರತೀಯ ಬಾಹ್ಯಾಕಾಶ ನೀತಿ ಬಂದವು. 2024ರ ಅಕ್ಟೋಬರಿನಲ್ಲಿ ಬಾಹ್ಯಾಕಾಶ ಕ್ಷೇತ್ರದ ನವೋದ್ಯಮಗಳಿಗಾಗಿ 1,000 ಕೋಟಿ ರೂಪಾಯಿಯ ನಿಧಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಭೂವೀಕ್ಷಣೆಯ 12 ಉಪಗ್ರಹಗಳನ್ನು ನಿರ್ಮಿಸುವ ಹೊಣೆಯನ್ನು ಬೆಂಗಳೂರಿನ ಪಿಕ್ಸೆಲ್ ಮುಂದಾಳತ್ವದ ಖಾಸಗಿ ಕೂಟಕ್ಕೆ 2025ರಲ್ಲಿ ವಹಿಸಲಾಯಿತು. ಇವೆಲ್ಲವನ್ನೂ ನಾನು ಮನಃಪೂರ್ವಕ ಸ್ವಾಗತಿಸುತ್ತೇನೆ. ಆದರೆ ಇವುಗಳ ಗಮನ ಹೆಚ್ಚಾಗಿ ಉಪಗ್ರಹ ಕಟ್ಟುವವರ ಮತ್ತು ಹಾರಿಸುವವರ ಕಡೆಗಿದೆ. ಚಿತ್ರವು ಎಚ್ಚರಿಕೆಯಾಗಿ ಬದಲಾಗಿ, ಆ ಎಚ್ಚರಿಕೆಯನ್ನು ನಂಬಿ ಒಂದು ಕುಟುಂಬ ಸಂಜೆಯೊಳಗೆ ಮನೆ ಬಿಟ್ಟು ಕಾಳಜಿ ಕೇಂದ್ರಕ್ಕೆ ಬರುವವರೆಗಿನ ದಾರಿ ಯಾರ ನೀತಿಯಲ್ಲಿಯೂ ಸ್ಪಷ್ಟವಾಗಿ ಬರೆದಿಲ್ಲ.

ಮಳೆಗಾಲದಲ್ಲಿ ನನ್ನ ಮೊಬೈಲಿಗೆ ಸಂದೇಶಗಳು ಬರುತ್ತವೆ: ಉತ್ತರ ಕನ್ನಡ ಜಿಲ್ಲೆಗೆ ಆರೆಂಜ್ ಅಲರ್ಟ್, ರೆಡ್ ಅಲರ್ಟ್. ಕಡಲತಡಿಯ ಭಟ್ಕಳದಿಂದ ಬಯಲುಸೀಮೆಗೆ ತಾಗಿದ ಮುಂಡಗೋಡದವರೆಗೆ ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಗಿಲಾದ ಜಿಲ್ಲೆಯಿದು. ಇಡೀ ಜಿಲ್ಲೆಗೆ ಕೊಟ್ಟ ಎಚ್ಚರಿಕೆ ಯಾವುದೋ ಒಂದು ಧರೆಯ ಕೆಳಗೆ ಮಲಗಿರುವವನಿಗೆ ಏನು ಮಾಡಬೇಕೆಂದು ಹೇಳುವುದಿಲ್ಲ. ಜುಲೈ ತಿಂಗಳಲ್ಲಿ ಹತ್ತು ಸಲ ಬಂದ ಸಂದೇಶವನ್ನು ಹನ್ನೊಂದನೆಯ ಸಲ ಯಾರೂ ತೆರೆದು ನೋಡುವುದೂ ಇಲ್ಲ. ತಪ್ಪು ಜನರದಲ್ಲ.

ಇದನ್ನು ಸರಿಪಡಿಸುವ ಸಾಮರ್ಥ್ಯ ನಮ್ಮ ರಾಜ್ಯಕ್ಕೆ ಇದ್ದಷ್ಟು ಬೇರೆ ಕಡೆ ಇರುವುದು ಕಡಿಮೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಹೊಂದಿದೆ. ಇಸ್ರೊದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ, ರಾಜ್ಯದ್ದೇ ಆದ ದೂರಸಂವೇದಿ ಅನ್ವಯಿಕ ಕೇಂದ್ರವಿದೆ, ಉಪಗ್ರಹ ಚಿತ್ರವನ್ನು ಓದಬಲ್ಲ ನೂರಾರು ತರುಣರು ಅಲ್ಲಿನ ನವೋದ್ಯಮಗಳಲ್ಲಿ ದುಡಿಯುತ್ತಿದ್ದಾರೆ. ಈ ತರುಣರ ಉತ್ಪನ್ನಕ್ಕೆ ಗಿರಾಕಿ ಯಾರು? ಬೆಳೆ ಸಾಲ ಕೊಡುವ ಬ್ಯಾಂಕು, ವಿಮಾ ಕಂಪನಿ ಅಥವಾ ಹೊರದೇಶ. ಗುಡ್ಡದ ಬುಡದ ಮನೆಯವನು ಗಿರಾಕಿಯಾಗಲಾರ. ಅವನ ಪರವಾಗಿ ಸರಕಾರವೇ ಕೊಳ್ಳಬೇಕು. ರಸ್ತೆ ಡಾಂಬರಿಗೆ ಟೆಂಡರ್ ಕರೆದಂತೆ ಅತಿ ಕಡಿಮೆ ದರ ಕೂಗಿದವರಿಗೆ ಒಮ್ಮೆ ಕೊಟ್ಟು ಮುಗಿಸುವ ಪದ್ಧತಿ ಇದಕ್ಕೆ ಹೊಂದುವುದಿಲ್ಲ. ಒಂದೆರಡು ತಾಲ್ಲೂಕುಗಳಲ್ಲಿ ಮೂರು ಮಳೆಗಾಲ ಪ್ರಯೋಗಕ್ಕೆ ಅವಕಾಶ ಕೊಟ್ಟು, ಪ್ರತಿಯೊಂದು ಎಚ್ಚರಿಕೆ ನಿಜವಾಯಿತೇ ಸುಳ್ಳಾಯಿತೇ ಎಂಬ ಲೆಕ್ಕವನ್ನು ಸಾರ್ವಜನಿಕವಾಗಿ ಇಟ್ಟು, ನಿಖರತೆಗೆ ತಕ್ಕಂತೆ ಹಣ ಕೊಡುವ ಒಪ್ಪಂದ ಬೇಕು.

ಹಣವಿಲ್ಲವೆನ್ನುವಂತಿಲ್ಲ. 15ನೇ ಹಣಕಾಸು ಆಯೋಗವು ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 20ರಷ್ಟನ್ನು ಅಪಾಯ ತಗ್ಗಿಸುವ ಕೆಲಸಕ್ಕೆಂದೇ ಬೇರ್ಪಡಿಸಿತು. 15 ರಾಜ್ಯಗಳ ಭೂಕುಸಿತ ಅಪಾಯ ತಗ್ಗಿಸಲು 2024ರಲ್ಲಿ ಕೇಂದ್ರ ಒಪ್ಪಿದ 1,000 ಕೋಟಿ ರೂಪಾಯಿ ಯೋಜನೆಯಲ್ಲಿ ಕರ್ನಾಟಕದ ಪಾಲು 72 ಕೋಟಿ. ಅದೆಲ್ಲವೂ ತಡೆಗೋಡೆಯ ಕಾಂಕ್ರೀಟಿಗೆ ಹೋಗದಿರಲಿ ಎಂಬುದು ನನ್ನ ಕಳಕಳಿಯ ವಿನಂತಿ.

ತಂತ್ರಜ್ಞಾನವೊಂದೇ ಜೀವ ಉಳಿಸುವುದಿಲ್ಲವೆಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಮಹಾಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸಾವಿನ ಸಂಖ್ಯೆ ಐವತ್ತನ್ನೂ ಮುಟ್ಟಲಿಲ್ಲ. ಆ ನಡುವೆ ಉಪಗ್ರಹಗಳು ಉತ್ತಮಗೊಂಡವು ನಿಜ. ಅದರ ಜೊತೆಗೆ ಊರೂರಿಗೆ ಆಶ್ರಯ ಕಟ್ಟಡಗಳು ಬಂದವು, ಬಾಗಿಲು ತಟ್ಟುವ ಸ್ವಯಂಸೇವಕರು ತಯಾರಾದರು, ಯಾರ ಮಾತಿಗೆ ಯಾರು ಹೊರಡಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು. ಇನ್ನೊಂದು ಪಾಠ 2017ರ ಓಖಿ ಚಂಡಮಾರುತದ್ದು. ಮೊಬೈಲ್ ಸಿಗ್ನಲ್ ದಾಟಿ ಆಳಸಮುದ್ರಕ್ಕೆ ಹೋಗಿದ್ದ ಮೀನುಗಾರರಿಗೆ ಸುದ್ದಿಯೇ ಮುಟ್ಟಲಿಲ್ಲ. ಆ ನೋವಿನ ನಂತರವೇ ಉಪಗ್ರಹದ ಮೂಲಕ ದೋಣಿಗೆ ಸಂದೇಶ ಕಳಿಸುವ ಸಾಧನಗಳು ರೂಪುಗೊಂಡವು. ಕಡಲಿಗೆ ಆದದ್ದು ಘಟ್ಟಕ್ಕೂ ಆಗಬೇಕು, ಇನ್ನೊಂದು ಓಖಿಯಷ್ಟು ಸಾವಿಗೆ ಕಾಯದೆ.

ಒಂದು ಅಡ್ಡಿಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅಪಾಯದ ನಕ್ಷೆ ಬಹಿರಂಗವಾದರೆ ಜಾಗದ ಬೆಲೆ ಬೀಳುತ್ತದೆ, ಹೋಂಸ್ಟೇಗೆ ಅನುಮತಿ ಸಿಗುವುದಿಲ್ಲ, ಗುಡ್ಡ ಕಡಿದವರ ಮೇಲೆ ಪ್ರಶ್ನೆ ಏಳುತ್ತದೆ. ನಕ್ಷೆಗಳು ಕಪಾಟಿನಲ್ಲೇ ಉಳಿಯುವುದಕ್ಕೆ ಈ ಹೆದರಿಕೆಯೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. 2025ರಲ್ಲಿ ಜಾರಿಗೆ ಬಂದ ವಿಪತ್ತು ನಿರ್ವಹಣಾ ತಿದ್ದುಪಡಿ ಕಾಯ್ದೆಯು ರಾಷ್ಟ್ರ ಮತ್ತು ರಾಜ್ಯ ಮಟ್ಟದಲ್ಲಿ ವಿಪತ್ತು ದತ್ತಾಂಶ ಸಂಗ್ರಹಕ್ಕೆ ಅವಕಾಶ ಮಾಡಿದೆ. ಆ ಸಂಗ್ರಹದಲ್ಲಿ ಸೇರುವ ಅಪಾಯದ ನಕ್ಷೆಗಳು ಸರ್ವೆ ನಂಬರಿನ ಮಟ್ಟದಲ್ಲಿ, ಕನ್ನಡದಲ್ಲಿ, ಯಾರು ಬೇಕಾದರೂ ನೋಡುವಂತಿರಬೇಕೆಂದು ರಾಜ್ಯ ಸರಕಾರ ನಿಯಮ ಮಾಡಲಿ. ಎಚ್ಚರಿಕೆ ಬಂದ ಮೇಲೆ ಎಷ್ಟು ಗಂಟೆಯೊಳಗೆ ಯಾರು ಏನು ಮಾಡಬೇಕು, ಮಾಡದಿದ್ದರೆ ಉತ್ತರ ಹೇಳಬೇಕಾದವರು ತಹಶೀಲ್ದಾರರೋ ಪಂಚಾಯ್ತಿಯೋ ಎಂಬುದನ್ನೂ ಅದರಲ್ಲೇ ಬರೆಯಲಿ. ಸುಳ್ಳಾದ ಎಚ್ಚರಿಕೆಗೆ ಅಧಿಕಾರಿಯನ್ನು ದಂಡಿಸುವುದು ಬೇಡ. ದಂಡಿಸಿದರೆ ಮುಂದೆ ಯಾರೂ ಬಾಯಿ ತೆರೆಯುವುದಿಲ್ಲ.

ಬರುವ ಮಳೆಗಾಲಕ್ಕೆ ಮುನ್ನ ಅಂಕೋಲಾ, ಮಡಿಕೇರಿ ಮತ್ತು ಮೂಡಿಗೆರೆ ತಾಲ್ಲೂಕುಗಳ ಗ್ರಾಮಸಭೆಗಳಲ್ಲಿ ಆಯಾ ಊರಿನ ಇಳಿಜಾರುಗಳ ನಿಸಾರ್ ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಅದನ್ನು ಓದಿ ಹೇಳಬಲ್ಲ ಒಬ್ಬರನ್ನು ಜೊತೆಗೆ ಕಳಿಸಬೇಕೆಂದು ಕಂದಾಯ ಇಲಾಖೆಯನ್ನೂ ವಿಕೋಪ ಉಸ್ತುವಾರಿ ಕೇಂದ್ರವನ್ನೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಊರಿನ ಹಿರಿಯರು ತಾವು ಕಂಡ ಬಿರುಕು, ತಾವು ಕಂಡ ಒರತೆಗಳನ್ನು ಅದೇ ನಕ್ಷೆಯ ಮೇಲೆ ಗುರುತು ಹಾಕಿ ಕೊಡುತ್ತಾರೆ.

ಇಂತಿ,
ನಿವೃತ್ತ ಭೂಗೋಳ ಉಪನ್ಯಾಸಕ, ಕುಮಟಾ